ಹಳೆಯ ಬೇಸ್‌ಬಾಲ್ ಗ್ಲೌಸ್: ಕಾಲ ಗುರುತಿಸುವುದು, ಅಸಲಿತನ ಪರೀಕ್ಷಿಸುವುದು, ಉಳಿಸಿಕೊಳ್ಳುವುದು

ಹಳೆಯ ಗ್ಲೌಸ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಅಂಗೈ ಮೇಲಿನ ಹೆಸರಿನ ಕಡೆ ಹೋಗುತ್ತದೆ. ಬೇಸ್‌ಬಾಲ್‌ನ ದಂತಕಥೆಯಾದ ಬೇಬ್ ರೂತ್ ಹೆಸರಿದ್ದರೆ ಮಾರುವವನ ಬೆಲೆ ಏರುತ್ತದೆ, ಕೊಳ್ಳುವವನ ವಿವೇಕ ಇಳಿಯುತ್ತದೆ. ನೋಡಬೇಕಾದ ಕ್ರಮ ಇದಕ್ಕೆ ತದ್ವಿರುದ್ಧ. ಮೊದಲು ಗ್ಲೌಸ್ ಕಟ್ಟಿದ ರೀತಿ, ಆಮೇಲೆ ದಾರ, ಲೇಸು, ಲೋಹದ ಬಿಡಿಭಾಗ, ಅದಾದ ಮೇಲೆ ಲೇಬಲ್, ಕಟ್ಟಕಡೆಗೆ ಹೆಸರು. ಇವೆಲ್ಲ ಒಂದೇ ಕಾಲವನ್ನು ಹೇಳಿದರೆ ವಸ್ತು ಅಸಲಿ. ಒಂದು ಭಾಗ ಬೇರೆ ಕಾಲ ಹೇಳಿದರೆ ರಿಪೇರಿ ಆಗಿದೆ ಎಂದರ್ಥ. ಎರಡು ಮೂರು ಭಾಗಗಳು ಬೇರೆ ಬೇರೆ ಹೇಳಿದರೆ ಕೈಬಿಡಿ.

ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದು ಮಾತು ಮೊದಲೇ ಹೇಳಬೇಕು. ವಿಕೆಟ್ ಕೀಪರ್ ಎರಡೂ ಕೈಗೆ ಗ್ಲೌಸ್ ತೊಡುತ್ತಾನೆ. ಬೇಸ್‌ಬಾಲ್‌ನಲ್ಲಿ ಫೀಲ್ಡರುಗಳೆಲ್ಲರೂ ಒಂದೇ ಕೈಗೆ ತೊಡುತ್ತಾರೆ, ಅದೂ ಚೆಂಡು ಎಸೆಯದ ಕೈಗೆ. ಬಲಗೈಯಲ್ಲಿ ಎಸೆಯುವವನ ಗ್ಲೌಸ್ ಎಡಗೈಯದು. ಮಾರಾಟದ ವಿವರಗಳಲ್ಲಿ "ರೈಟ್ ಹ್ಯಾಂಡ್ ಥ್ರೋ" ಎಂದಿದ್ದರೆ ಎಡಗೈಗೆ ತೊಡುವ ಗ್ಲೌಸ್ ಎಂದೇ ಓದಿಕೊಳ್ಳಿ. ಈ ಸಣ್ಣ ವಿಷಯ ಮುಂದೆ ದೊಡ್ಡ ಸುಳ್ಳುಗಳನ್ನು ಹಿಡಿಯಲು ಬೇಕಾಗುತ್ತದೆ.

ಆಕಾರ ನೋಡಿ ಕಾಲ ಹೇಳುವುದು

1870ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡದ ಕ್ಯಾಚರ್ (ಬ್ಯಾಟ್ ಬೀಸುವವನ ಹಿಂದೆ ಕೂತು ಚೆಂಡು ಹಿಡಿಯುವವನು) ಡಗ್ ಆಲಿಸನ್ ಗಾಯದ ಕೈಗೆ ಚರ್ಮದ ಗವಸು ತೊಟ್ಟಿದ್ದ. 1877ರಲ್ಲಿ ಹೆಸರಾಂತ ಆಟಗಾರ ಆಲ್ಬರ್ಟ್ ಸ್ಪಾಲ್ಡಿಂಗ್ ಕಪ್ಪು ಗ್ಲೌಸ್ ತೊಟ್ಟು ಆಡಿದ ಮೇಲೆ ಅದನ್ನು ತೊಡುವ ನಾಚಿಕೆ ಬೇರೆಯವರಿಗೂ ಕಡಿಮೆಯಾಯಿತು. ಆತನ ಕ್ರೀಡಾ ಸಾಮಗ್ರಿ ಕಂಪನಿ ಅಷ್ಟರಲ್ಲಿ ಶುರುವಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ. ಆ ಕಾಲದ ಬೆರಳಿಲ್ಲದ ಗ್ಲೌಸ್‌ಗಳು ಮಾರುಕಟ್ಟೆಯಲ್ಲಿ ತೀರಾ ವಿರಳ. ಸಿಕ್ಕಿತು ಎಂದು ಹೇಳಿಕೊಳ್ಳುವ ಬಹುಪಾಲು ವಸ್ತುಗಳು ಸೈಕಲ್ ಸವಾರರ ಅಥವಾ ಕಾರ್ಮಿಕರ ಗವಸುಗಳು. ಅಂಗೈಯಲ್ಲಿ ಹೊಲಿದ ಮೆತ್ತೆ ಇಲ್ಲದೆ, ತಯಾರಕರ ಗುರುತೂ ಇಲ್ಲದೆ ಬಂದದ್ದನ್ನು ಬೇಸ್‌ಬಾಲ್‌ನದ್ದೆಂದು ಒಪ್ಪಬೇಡಿ.

ಸಂಗ್ರಾಹಕರು "ವರ್ಕ್‌ಮನ್" ಎಂದು ಕರೆಯುವ ಮಾದರಿ 1890ರ ದಶಕದಿಂದ 1900ರ ದಶಕದವರೆಗಿನದು. ದಪ್ಪ ಕೆಲಸದ ಗವಸಿನಂತೆ ಕಾಣುತ್ತದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಏನೂ ಇರುವುದಿಲ್ಲ, ಇದ್ದರೂ ಸಣ್ಣ ಚರ್ಮದ ತುಂಡು. ಅಂಗೈ ಬುಡದಲ್ಲಿ ಅರ್ಧಚಂದ್ರಾಕಾರದ ಮೆತ್ತೆ. 1895ರ ನಿಯಮ ಕ್ಯಾಚರ್ ಮತ್ತು ಫಸ್ಟ್ ಬೇಸ್‌ಮನ್ (ಮೊದಲ ಬೇಸ್ ಕಾಯುವವನು) ಬಿಟ್ಟು ಉಳಿದವರ ಗ್ಲೌಸ್ 10 ಔನ್ಸ್ ತೂಕ, ಅಂಗೈ ಸುತ್ತ 14 ಇಂಚು ಮೀರಬಾರದು ಎಂದಿತು. 10 ಔನ್ಸ್ ಎಂದರೆ ಸುಮಾರು 283 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ. "1890ರ ದಶಕದ ಫೀಲ್ಡರ್ ಗ್ಲೌಸ್" ಎಂದು ಕೊಟ್ಟದ್ದು 400 ಗ್ರಾಂ ತೂಗಿದರೆ ಒಳಗಿನ ಮೆತ್ತೆಯನ್ನು ಯಾರೋ ಬದಲಿಸಿರಬಹುದು, ಇಲ್ಲವೇ ಹೇಳಿದ ಕಾಲವೇ ತಪ್ಪು.

1910ರ ದಶಕದಲ್ಲಿ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸುಮಾರು ಒಂದಿಂಚು ಅಗಲದ ಚರ್ಮದ ಪಟ್ಟಿ ಹೊಲಿಯುತ್ತಿದ್ದರು. ನಿಜವಾದ ತಿರುವು ಬಂದದ್ದು 1920ರಲ್ಲಿ. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಪಿಚರ್ (ಬ್ಯಾಟ್ ಬೀಸುವವನಿಗೆ ಚೆಂಡು ಎಸೆಯುವವನು) ಬಿಲ್ ಡೋಕ್, ಆ ಊರಿನದೇ ಆದ ರಾಲಿಂಗ್ಸ್ ಕಂಪನಿಗೆ ಒಂದು ಸಲಹೆ ಕೊಟ್ಟ: ಪಟ್ಟಿಯ ಬದಲು ಹಲವು ಎಳೆ ಚರ್ಮದ ಲೇಸುಗಳ ಜಾಲ ಹಾಕಿ, ಚೆಂಡು ಕೂರಲು ತಗ್ಗು, ಅಂದರೆ ಪಾಕೆಟ್, ಉಂಟಾಗಲಿ. ಅದಕ್ಕೆ 1922ರ ಆಗಸ್ಟ್ 22ರಂದು ಪೇಟೆಂಟ್ ಸಿಕ್ಕಿತು. ಅಲ್ಲಿಯವರೆಗೆ ಗ್ಲೌಸ್ ಕೈಯನ್ನು ಪೆಟ್ಟಿನಿಂದ ಕಾಯುವ ಮೆತ್ತೆ. ಅಲ್ಲಿಂದ ಮುಂದೆ ಚೆಂಡು ಹಿಡಿಯುವ ಸಾಧನ. ಹೀಗಾಗಿ ಲೇಸು ಹೆಣೆದ ವೆಬ್ (ಹೆಬ್ಬೆರಳು, ತೋರುಬೆರಳ ನಡುವಿನ ಜಾಲ) ಇರುವ ಗ್ಲೌಸ್‌ಗೆ "1912" ಎಂಬ ಚೀಟಿ ಅಂಟಿಸಿದ್ದರೆ ಚೀಟಿಯನ್ನು ನಂಬಬೇಡಿ.

1930ರ ದಶಕದ ಗ್ಲೌಸ್‌ಗಳಲ್ಲೂ ಬೆರಳುಗಳು ಬಿಡಿಬಿಡಿಯಾಗಿಯೇ ಇರುತ್ತವೆ. ಬೆರಳ ತುದಿಗಳನ್ನು ಒಂದಕ್ಕೊಂದು ಲೇಸಿನಿಂದ ಕಟ್ಟುವುದು ರೂಢಿಯಾದದ್ದು 1940ರ ದಶಕದಿಂದ ಈಚೆಗೆ. ಮೂರು ಬೆರಳಿನ ದಪ್ಪ ಗ್ಲೌಸ್‌ಗಳೂ ಅದೇ ದಶಕದವು. 1957ರಲ್ಲಿ ವಿಲ್ಸನ್ ಕಂಪನಿಯ ಎ2000 ಬಂತು. ಅಗಲವಾದ ವೆಬ್, ಆಳವಾದ ಪಾಕೆಟ್, ಪುಸ್ತಕದಂತೆ ಮಡಚಿಕೊಳ್ಳುವ ಅಂಗೈ. ಇಂದಿನ ಗ್ಲೌಸ್ ಇದರ ವಂಶದ್ದು. ಅಳತೆಪಟ್ಟಿಯನ್ನು ಬುಡದಿಂದ ತೋರುಬೆರಳ ತುದಿಗೆ ಹಿಡಿದರೆ 1920ಕ್ಕೆ ಮುಂಚಿನವು ಒಂಬತ್ತು ಹತ್ತು ಇಂಚಿನ ಆಸುಪಾಸು, 1960ರ ದಶಕದವು ಹನ್ನೊಂದು ಹನ್ನೆರಡರ ಆಸುಪಾಸು ನಿಲ್ಲುತ್ತವೆ. ಮಕ್ಕಳ ಗ್ಲೌಸ್ ಎಲ್ಲ ಕಾಲದಲ್ಲೂ ಸಣ್ಣದೇ. ಆದ್ದರಿಂದ ಬರಿ ಅಳತೆಯ ಮೇಲೆ ತೀರ್ಮಾನ ಬೇಡ, ಬೆರಳುಗಳ ಒಳಗೆ ನಿಮ್ಮ ಕೈ ಹೋಗುತ್ತದೆಯೇ ನೋಡಿ.

ದಾರ, ಲೋಹ, ಅಕ್ಷರ

ಇಲ್ಲಿ ಆತುರ ಬೇಡ. ನಕಲಿ ಮಾಡುವವರು ಆಕಾರವನ್ನು ಅನುಕರಿಸಬಲ್ಲರು, ಎಲ್ಲ ಬಿಡಿಭಾಗಗಳನ್ನೂ ಒಂದೇ ಕಾಲಕ್ಕೆ ಹೊಂದಿಸುವುದು ಅವರಿಗೆ ಕಷ್ಟ.

365 ನ್ಯಾನೊಮೀಟರ್‌ನ ಯುವಿ ಟಾರ್ಚ್ ಒಂದು ಕೊಳ್ಳಿ. ಕತ್ತಲೆ ಕೋಣೆಯಲ್ಲಿ ಹೊಲಿಗೆ, ಬಟ್ಟೆಯ ಲೇಬಲ್, ಒಳಗಿನ ಅಸ್ತರಿನ ಮೇಲೆ ಬೆಳಕು ಬಿಡಿ. ಬಟ್ಟೆ ಬೆಳ್ಳಗೆ ಕಾಣಲೆಂದು ಬೆರೆಸುವ ರಾಸಾಯನಿಕಗಳು ಎರಡನೇ ಮಹಾಯುದ್ಧದ ನಂತರ ವ್ಯಾಪಕವಾದವು. ಅವು ಯುವಿ ಬೆಳಕಿನಲ್ಲಿ ನೀಲಿಬಿಳಿಯಾಗಿ ಹೊಳೆಯುತ್ತವೆ. 1920ರ ದಶಕದ ಗ್ಲೌಸ್‌ನ ದಾರ ಹೊಳೆದರೆ ಅದು ಆಮೇಲೆ ಹೊಲಿದದ್ದು. ಈ ಪರೀಕ್ಷೆ ಮೋಸ ಹೋಗುವುದೂ ಉಂಟು: ಯಾರಾದರೂ ಲೇಬಲ್ಲನ್ನು ಸೋಪಿನ ಪುಡಿಯಿಂದ ಒರೆಸಿದ್ದರೆ ಅಸಲಿ ಬಟ್ಟೆಯೂ ಹೊಳೆಯುತ್ತದೆ. ಅದಕ್ಕೇ ಹೊರಗಿನ ಹೊಲಿಗೆಯ ಜೊತೆಗೆ ಎರಡು ಚರ್ಮಗಳ ನಡುವೆ ಅಡಗಿದ ದಾರವನ್ನೂ ನೋಡಬೇಕು. ಸಾಬೂನು ಅಲ್ಲಿಗೆ ತಲುಪಿರುವುದಿಲ್ಲ.

ದಾರದ ಜಾತಿಯನ್ನೂ ತಿಳಿಯಬಹುದು. ಈಗಾಗಲೇ ಕಿತ್ತು ಜೋತಾಡುವ ತುದಿಯಿಂದ, ಮಾಲೀಕರ ಒಪ್ಪಿಗೆ ಪಡೆದು, ಎರಡು ಮೂರು ಮಿಲಿಮೀಟರ್ ಕತ್ತರಿಸಿ. ಇಕ್ಕಳದಲ್ಲಿ ಹಿಡಿದು ಗ್ಲೌಸ್‌ನಿಂದ ದೂರ ಕೊಂಡೊಯ್ದು ಬೆಂಕಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ. ನೈಲಾನ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ನೈಲಾನ್ ಜಗತ್ತಿಗೆ ತಿಳಿದದ್ದೇ 1938ರಲ್ಲಿ. ಹಾಗೆಯೇ ಮಣಿಕಟ್ಟಿಗೆ ವೆಲ್ಕ್ರೋ ಪಟ್ಟಿ ಇದ್ದರೆ 1950ರ ದಶಕದ ಕೊನೆಗೂ ಹಿಂದಿನದೆಂಬ ಮಾತು ನಿಲ್ಲುವುದಿಲ್ಲ. ಗುಂಡಿ ಹಾಕುವ ಪಟ್ಟಿ ಹಳೆಯದು, ಬಕಲ್ ನಂತರದ್ದು. ಸ್ಪಾಲ್ಡಿಂಗ್, ರೀಚ್ ಮುಂತಾದವರ ಗುಂಡಿಗಳಲ್ಲಿ ಕಂಪನಿಯ ಗುರುತು ಇರುತ್ತದೆ. ಗುಂಡಿ ಒಂದು ಕಂಪನಿಯದು, ಅಂಗೈಯ ಅಚ್ಚು ಇನ್ನೊಂದರದು ಆದರೆ ಎರಡು ಗ್ಲೌಸ್ ಸೇರಿಸಿ ಒಂದು ಮಾಡಿದ್ದಾರೆ.

ಇನ್ನು ಅಕ್ಷರಗಳು. ಅಮೆರಿಕದಲ್ಲಿ ಪೇಟೆಂಟ್‌ಗಳು ಹೊರಬೀಳುವುದು ಮಂಗಳವಾರ ಮಾತ್ರ. 19ನೇ ಶತಮಾನದ ನಡುಭಾಗದಿಂದ ಇದೇ ಪದ್ಧತಿ. ಗ್ಲೌಸ್ ಮೇಲೆ ಪೇಟೆಂಟ್ ದಿನಾಂಕ ಇದ್ದರೆ ಫೋನಿನ ಕ್ಯಾಲೆಂಡರ್ ತೆರೆದು ವಾರ ನೋಡಿ. ಡೋಕ್‌ನ 1922ರ ಆಗಸ್ಟ್ 22 ಮಂಗಳವಾರವೇ. ಗುರುವಾರ ಬಂದರೆ ಅಚ್ಚು ಹಾಕಿದವನು ದಿನಾಂಕ ಊಹಿಸಿದ್ದಾನೆ, ಇಲ್ಲವೇ ಮಸುಕಾದ ಅಂಕಿಯನ್ನು ನೀವು ತಪ್ಪಾಗಿ ಓದಿದ್ದೀರಿ. ಗೂಗಲ್ ಪೇಟೆಂಟ್ಸ್‌ನಲ್ಲಿ ಸಂಖ್ಯೆ ಹಾಕಿದರೆ ಮೂಲ ಚಿತ್ರವೇ ಸಿಗುತ್ತದೆ. ಚಿತ್ರದ ವೆಬ್ಬನ್ನೂ ಕೈಯಲ್ಲಿರುವ ವೆಬ್ಬನ್ನೂ ಹೋಲಿಸಿ. ಆದರೆ ಪೇಟೆಂಟ್ ದಿನಾಂಕ ಹೇಳುವುದು "ಇದಕ್ಕಿಂತ ಮುಂಚಿನದಲ್ಲ" ಎಂಬುದನ್ನು ಮಾತ್ರ. ಡೋಕ್ ಗ್ಲೌಸ್ ಆತ ಆಟ ಬಿಟ್ಟ ಎಷ್ಟೋ ವರ್ಷಗಳ ನಂತರವೂ, 1953ರವರೆಗೆ, ಮಾರಾಟದಲ್ಲಿತ್ತು.

ವೃತ್ತದೊಳಗಿನ ಆರ್ ಚಿಹ್ನೆ 1946ರ ಟ್ರೇಡ್‌ಮಾರ್ಕ್ ಕಾಯ್ದೆಯ ನಂತರದ್ದು. ಅದಕ್ಕೂ ಮುಂಚೆ "ರೆಜ್. ಯು.ಎಸ್. ಪ್ಯಾಟ್. ಆಫ್." (ಅಮೆರಿಕದ ಪೇಟೆಂಟ್ ಕಚೇರಿಯಲ್ಲಿ ನೋಂದಣಿಯಾಗಿದೆ) ಎಂದು ಅಚ್ಚು ಹಾಕುತ್ತಿದ್ದರು. ಆಮೇಲೂ ಹಾಕಿದ್ದುಂಟು. ಗ್ಲೌಸ್ ಜೊತೆ ಬಂದ ಪೆಟ್ಟಿಗೆಯ ಮೇಲೆ ಐದಂಕಿಯ ಜಿಪ್ ಕೋಡ್ (ನಮ್ಮ ಪಿನ್ ಕೋಡ್‌ನಂಥದ್ದು) ಇದ್ದರೆ ಪೆಟ್ಟಿಗೆ 1963ರ ಈಚಿನದು. ಪೆಟ್ಟಿಗೆಗೂ ಗ್ಲೌಸ್‌ಗೂ ನಂಟಿದೆಯೇ ಎಂದು ಮಾಡೆಲ್ ಸಂಖ್ಯೆಯಿಂದ ಪರೀಕ್ಷಿಸಿ, ಖಾಲಿ ಪೆಟ್ಟಿಗೆಗಳನ್ನು ಬೇರೆಯಾಗಿಯೇ ಮಾರುತ್ತಾರೆ. "ಆಕ್ಯುಪೈಡ್ ಜಪಾನ್" (ಪರರ ವಶದಲ್ಲಿದ್ದ ಜಪಾನ್) ಎಂದಿದ್ದರೆ ಎರಡನೇ ಮಹಾಯುದ್ಧ ಮುಗಿದಂದಿನಿಂದ 1952ರವರೆಗಿನ ಅವಧಿ.

ಕಂಪನಿಯ ಹೆಸರು ಬದಲಾದ ರೀತಿಯೂ ಗಡಿಯಾರದಂತೆ ಕೆಲಸ ಮಾಡುತ್ತದೆ. "ಥಾಸ್. ಇ. ವಿಲ್ಸನ್" ಎಂಬ ಅಚ್ಚು 1916ರಿಂದ 1920ರ ದಶಕದ ನಡುವಿನವರೆಗೆ, "ವಿಲ್ಸನ್-ವೆಸ್ಟರ್ನ್" ಅಲ್ಲಿಂದ 1931ರವರೆಗೆ, ಆಮೇಲೆ ಬರಿ ವಿಲ್ಸನ್. ಸಿನ್ಸಿನಾಟಿಯ ಗೋಲ್ಡ್‌ಸ್ಮಿತ್ ಕಂಪನಿಯ ಗ್ಲೌಸ್ ಮೇಲೆ "ಮೆಕ್‌ಗ್ರೆಗರ್ ಗೋಲ್ಡ್‌ಸ್ಮಿತ್" ಎಂಬ ಜೋಡಿ ಹೆಸರು ಕಂಡರೆ 1940ರ ದಶಕದ ನಡುವಿನಿಂದ 1950ರ ಆರಂಭದೊಳಗೆ. ನ್ಯೂ ಹ್ಯಾಂಪ್‌ಶೈರ್‌ನ ಡ್ರೇಪರ್ ಅಂಡ್ ಮೇನಾರ್ಡ್, ಅಂದರೆ "ಲಕಿ ಡಾಗ್" ನಾಯಿ ಚಿತ್ರದ ಗ್ಲೌಸ್‌ಗಳವರು, 1937ರಲ್ಲಿ ಬಾಗಿಲು ಮುಚ್ಚಿದರು. ಮಾಡೆಲ್ ಸಂಖ್ಯೆ ಸಿಕ್ಕರೆ ಹಳೆಯ ಕ್ಯಾಟಲಾಗ್ ಹುಡುಕಿ. ಸ್ಪಾಲ್ಡಿಂಗ್ ವಾರ್ಷಿಕ ಬೇಸ್‌ಬಾಲ್ ಗೈಡ್‌ಗಳ ಹಿಂದಿನ ಪುಟಗಳಲ್ಲಿ ಗ್ಲೌಸ್ ಜಾಹೀರಾತು, ಬೆಲೆ, ಸಂಖ್ಯೆ ಎಲ್ಲ ಇವೆ. ಲೈಬ್ರರಿ ಆಫ್ ಕಾಂಗ್ರೆಸ್ ಅವುಗಳನ್ನು ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದೆ.

ರಿಪೇರಿ ಮತ್ತು ಹಳತಾಗಿಸುವ ಕೈಚಳಕ

ಲೇಸು ಬದಲಿಸುವುದು ಅಪರಾಧವಲ್ಲ. ಆಡುತ್ತಿದ್ದ ಕಾಲದಲ್ಲೇ ಎಷ್ಟೋ ಗ್ಲೌಸ್‌ಗಳಿಗೆ ಹೊಸ ಲೇಸು ಬಿದ್ದಿದೆ. ಅದನ್ನು ಮುಚ್ಚಿಟ್ಟು ಮೂಲ ಲೇಸು ಎಂದು ಮಾರುವುದು ಮೋಸ. ಲೇಸನ್ನು ಮೆಲ್ಲಗೆ ಒಂದಿಷ್ಟು ಸರಿಸಿ ಅದರ ಕೆಳಗಿನ ಚರ್ಮ ನೋಡಿ. ಮೂಲ ಲೇಸಿನಡಿ ಒಂದು ತೆಳುವಾದ ತಗ್ಗು ಇರುತ್ತದೆ, ಬಣ್ಣ ಸುತ್ತಲಿಗಿಂತ ತಿಳಿಯಾಗಿರುತ್ತದೆ, ತಗ್ಗಿನ ಅಗಲ ಲೇಸಿನ ಅಗಲಕ್ಕೆ ಸರಿಹೊಂದುತ್ತದೆ. ರಂಧ್ರಗಳು ಎಳೆದು ಉದ್ದವಾಗಿದ್ದು ಲೇಸು ಮಾತ್ರ ನೆಟ್ಟಗೆ ನುಣುಪಾಗಿದ್ದರೆ ಬದಲಾಗಿದೆ.

ಲೇಬಲ್ಲಿನ ಅಂಚಿಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ಮೂಲ ಲೇಬಲ್ಲಿಗೆ ಸೂಜಿ ತೂತುಗಳ ಒಂದೇ ಸಾಲು ಇರಬೇಕು. ದಾರ ಹಾಯದ ಖಾಲಿ ತೂತುಗಳ ಎರಡನೇ ಸಾಲು ಕಂಡರೆ ಆ ಲೇಬಲ್ ಇನ್ನೊಂದು ಗ್ಲೌಸ್‌ನಿಂದ ಬಂದದ್ದು, ಅಥವಾ ಈ ಗ್ಲೌಸ್‌ನ ಸ್ವಂತ ಲೇಬಲ್ ಹೋಗಿ ಬೇರೆ ಕೂತದ್ದು.

ಸವೆತಕ್ಕೆ ಒಂದು ಜಾಡು ಇರುತ್ತದೆ. ಚೆಂಡು ಬಡಿದ ಪಾಕೆಟ್ ಕಪ್ಪಾಗಿ ಹೊಳೆಯುತ್ತದೆ, ನೆಲಕ್ಕೆ ಉಜ್ಜಿದ ಬೆರಳ ತುದಿ ಒರಟಾಗುತ್ತದೆ, ಬೆವರು ಕುಡಿದ ಒಳ ಅಸ್ತರು ಅಂಗೈ ಬುಡದಲ್ಲಿ ಗಟ್ಟಿಯಾಗಿ ಬಿರಿಯುತ್ತದೆ. ಹೊರಗೆಲ್ಲ ಹಳತು, ಒಳಗೆ ಅಸ್ತರು ಹೊಸದು ಎಂದರೆ ಅಲ್ಲಿ ಯಾರ ಕೈಯೂ ಬೆವರಿಲ್ಲ. ಬಣ್ಣ ಹಚ್ಚಿದ್ದನ್ನು ಹಿಡಿಯುವುದು ಇನ್ನೂ ಸುಲಭ: ನಿಜವಾದ ವಯಸ್ಸು ಮಡಿಕೆಯ ಉಬ್ಬಿನಲ್ಲಿ ಒಂದು ಬಣ್ಣ, ತಗ್ಗಿನಲ್ಲಿ ಇನ್ನೊಂದು ಬಣ್ಣ ಕೊಡುತ್ತದೆ. ಡೈ ಎಲ್ಲ ಕಡೆ ಒಂದೇ ಸಮ ಕೂರುತ್ತದೆ, ಅಂಚಿನ ಪಟ್ಟಿಗೂ (ಪೈಪಿಂಗ್) ದಾರಕ್ಕೂ ಹರಡಿರುತ್ತದೆ. ಬಿಳಿ ಹತ್ತಿಬಟ್ಟೆಗೆ ಎರಡು ಹನಿ ನೀರು ಹಾಕಿ ಕಾಣದ ಜಾಗದಲ್ಲಿ ಒರೆಸಿ. ಕೊಳೆ ಬೂದುಬಣ್ಣವಾಗಿ ಬರುತ್ತದೆ, ಬೂಟ್ ಪಾಲಿಶ್ ಕಂದು ಅಥವಾ ಕೆಂಪಾಗಿ ಬರುತ್ತದೆ.

ಚಿನ್ನದ ಅಥವಾ ಬೆಳ್ಳಿ ಬಣ್ಣದ ಅಚ್ಚಿನ ಮೇಲೆ ಪೆನ್ನಿನಿಂದ ಮತ್ತೆ ತೀಡುವುದೂ ಸಾಮಾನ್ಯ. ಮೂಲ ಬಣ್ಣ ಒತ್ತಿದ ತಗ್ಗಿನೊಳಗೆ ಉಳಿದಿರುತ್ತದೆ, ಚರ್ಮದ ಬಿರುಕಿನ ಜೊತೆ ತಾನೂ ಬಿರಿದಿರುತ್ತದೆ. ಬಿರುಕಿನ ಒಳಕ್ಕೂ ಬಣ್ಣ ಇಳಿದಿದ್ದರೆ ಬಿರುಕು ಮೊದಲು, ಬಣ್ಣ ಆಮೇಲೆ.

ಹೆಸರು, ಸಹಿ, "ಆಟದಲ್ಲಿ ಬಳಸಿದ್ದು"

ಅಂಗೈ ಮೇಲಿನ ಓರೆ ಅಕ್ಷರದ ಸಹಿ ಕಾರ್ಖಾನೆಯ ಅಚ್ಚು. ಆಟಗಾರ ಹೆಸರು ಬಳಸಲು ಒಪ್ಪಿ ಹಣ ಪಡೆದಿದ್ದಾನೆ, ಆ ಗ್ಲೌಸನ್ನು ಮುಟ್ಟಿಯೂ ಇರಲಾರ. ಹೀಗೆ ಅಂಗಡಿಗಳಲ್ಲಿ ಮಾರಿದವು ಸ್ಟೋರ್ ಮಾಡೆಲ್. ಸಂಗ್ರಹದಲ್ಲಿ ಬಹುಪಾಲು ಇವೇ, ಮತ್ತು ಹವ್ಯಾಸದ ನಿಜವಾದ ಸುಖವೂ ಇವುಗಳಲ್ಲೇ ಇದೆ. ಸಿಯರ್ಸ್ ಅಂಗಡಿಯ ಟೆಡ್ ವಿಲಿಯಮ್ಸ್ ಗ್ಲೌಸ್‌ಗಳು 1960, 70ರ ದಶಕಗಳಲ್ಲಿ ರಾಶಿರಾಶಿ ಮಾರಾಟವಾದವು. ಕಲಿಯಲು ಒಳ್ಳೆಯ ವಸ್ತು, ಹೂಡಿಕೆಗೆ ಅಲ್ಲ.

ಹೆಸರಿನಿಂದ ಸಿಗುವ ಕಾಲಸೂಚನೆ ಎಂದರೆ ಆಟಗಾರ ಮೇಜರ್ ಲೀಗ್‌ಗೆ (ಅಮೆರಿಕದ ಉನ್ನತ ದರ್ಜೆಯ ವೃತ್ತಿಪರ ಬೇಸ್‌ಬಾಲ್) ಬಂದ ವರ್ಷ: ಡಿಮ್ಯಾಜಿಯೊ 1936, ಟೆಡ್ ವಿಲಿಯಮ್ಸ್ 1939, ಜಾಕಿ ರಾಬಿನ್ಸನ್ 1947, ಮ್ಯಾಂಟಲ್ ಮತ್ತು ವಿಲ್ಲಿ ಮೇಸ್ 1951. ಅದಕ್ಕೂ ಮುಂಚೆ ಆ ಹೆಸರಿನ ಗ್ಲೌಸ್ ಮಾರುವವರು ಇರಲಿಲ್ಲ.

"ಇದು ರೂತ್ ಸ್ವತಃ ಆಡಿದ ಗ್ಲೌಸ್" ಎಂಬ ಮಾತು ಬಂದಾಗ ಮೊದಲು ಯಾವ ಕೈಯದು ನೋಡಿ. ಬೇಬ್ ರೂತ್, ಲೂ ಗೆಹ್ರಿಗ್, ಸ್ಟಾನ್ ಮ್ಯೂಸಿಯಲ್, ವಾರೆನ್ ಸ್ಪಾನ್, ಸ್ಯಾಂಡಿ ಕೋಫ್ಯಾಕ್ಸ್ ಎಲ್ಲರೂ ಎಡಗೈಯಲ್ಲಿ ಎಸೆಯುವವರು, ಅವರ ಗ್ಲೌಸ್ ಬಲಗೈಗೆ ಹೊಂದಬೇಕು. ಎಡಗೈಗೆ ತೊಡುವ ರೂತ್ ಗ್ಲೌಸ್ ಅಂಗಡಿಯದೇ. ಟೆಡ್ ವಿಲಿಯಮ್ಸ್ ವಿಷಯದಲ್ಲಿ ಎಡವಬೇಡಿ: ಆತ ಎಡಗೈ ಬ್ಯಾಟ್ಸ್‌ಮನ್, ಎಸೆಯುತ್ತಿದ್ದದ್ದು ಬಲಗೈಯಲ್ಲಿ.

ಸಹಿಯಲ್ಲಿ ಶಾಯಿ ಮಾತಾಡುತ್ತದೆ. ಬಾಲ್‌ಪೆನ್ ಅಮೆರಿಕದ ಅಂಗಡಿಗೆ ಬಂದದ್ದು 1945ರ ಅಕ್ಟೋಬರ್‌ನಲ್ಲಿ, ಶಾರ್ಪಿ ಮಾರ್ಕರ್ 1964ರಲ್ಲಿ. ಗೆಹ್ರಿಗ್ ತೀರಿಕೊಂಡದ್ದು 1941ರಲ್ಲಿ, ರೂತ್ 1948ರಲ್ಲಿ, ಟೈ ಕಾಬ್ 1961ರಲ್ಲಿ. ಗೆಹ್ರಿಗ್‌ನ ಬಾಲ್‌ಪೆನ್ ಸಹಿಯೂ ಕಾಬ್‌ನ ಶಾರ್ಪಿ ಸಹಿಯೂ ಇರಲು ಸಾಧ್ಯವಿಲ್ಲ. ಪಿಎಸ್‌ಎ, ಜೆಎಸ್‌ಎ ಮುಂತಾದ ಸಂಸ್ಥೆಗಳ ಸಹಿ ಪ್ರಮಾಣಪತ್ರ ಇದ್ದರೆ ಪೂರ್ತಿ ಓದಿ. ಸಹಿ ಅಸಲಿ ಎಂದಷ್ಟೇ ಬರೆದಿದ್ದರೆ ಆಟಗಾರ ಆ ಗ್ಲೌಸ್‌ನಿಂದ ಆಡಿದ ಎಂಬುದಕ್ಕೆ ಅದು ಪುರಾವೆಯಲ್ಲ.

ಆಡಿದ್ದೆಂಬ ಮಾತಿಗೆ ಬೇಕಾದದ್ದು ಫೋಟೊ. ಪಂದ್ಯದ ಚಿತ್ರದಲ್ಲಿನ ವೆಬ್ ಹೆಣಿಗೆ, ಲೇಸಿನ ಗಂಟು, ಒಂದು ನಿರ್ದಿಷ್ಟ ಕಲೆ ಅಥವಾ ಗೀರು, ಲೇಬಲ್ ಓರೆಯಾದ ಕೋನ, ಇವು ಕೈಯಲ್ಲಿರುವ ಗ್ಲೌಸ್‌ಗೆ ಕೂಡಬೇಕು. ಮಾಡೆಲ್ ಒಂದೇ ಎಂಬುದು ಸಾಲದು, ಅದೇ ಮಾಡೆಲ್ ಸಾವಿರಾರು ಇರುತ್ತವೆ. ಗೆಹ್ರಿಗ್‌ನ ಕೊನೆಯ ಗ್ಲೌಸ್ 1999ರ ಸೋದೆಬೀಸ್ ಹರಾಜಿನಲ್ಲಿ 3,87,500 ಡಾಲರ್‌ಗೆ ಹೋಯಿತು. ಅಂಥ ಬೆಲೆಯ ಆಸೆ ಇರುವ ಕಡೆ ಕುಟುಂಬದವರ ಪತ್ರ ಒಂದನ್ನೇ ನೆಚ್ಚಿಕೊಳ್ಳುವುದು ಅಪಾಯ.

ಎಲ್ಲಿ, ಹೇಗೆ ಕೊಳ್ಳುವುದು

ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್ ಸಂತೆ ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ ನೆರೆಯುತ್ತದೆ. ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ರೋಸ್ ಬೌಲ್ ಸಂತೆ ತಿಂಗಳ ಎರಡನೇ ಭಾನುವಾರ. ಬೋಸ್ಟನ್, ಲಾಸ್ ಏಂಜಲಿಸ್ ಸುತ್ತಮುತ್ತಲಿನ ಕನ್ನಡಿಗರಿಗೆ ಇವು ಕಾರಿನಲ್ಲಿ ಹೋಗಿಬರುವ ದೂರ. ಮನೆ ಖಾಲಿ ಮಾಡುವ ಎಸ್ಟೇಟ್ ಸೇಲ್‌ಗಳು ಇನ್ನೂ ಉತ್ತಮ, ಏಕೆಂದರೆ ಅಲ್ಲಿ ಗ್ಲೌಸ್ ಯಾರದು, ಯಾವ ಊರಿನಲ್ಲಿ ಆಡುತ್ತಿದ್ದ ಎಂದು ಕೇಳಲು ಜನ ಇರುತ್ತಾರೆ.

ಇಬೇಯಲ್ಲಾದರೆ ಹಣ ಕಟ್ಟುವ ಮುಂಚೆ ಚಿತ್ರ ಕೇಳಿ: ಅಂಗೈ ನೇರವಾಗಿ, ಹಿಂಬದಿ, ವೆಬ್ ಹತ್ತಿರದಿಂದ, ಲೇಬಲ್ಲಿನ ನಾಲ್ಕೂ ಅಂಚು, ಗುಂಡಿ ಅಥವಾ ಬಕಲ್, ಬೆರಳ ಸಂದುಗಳು, ಒಳ ಅಸ್ತರು, ಮತ್ತು ಅಳತೆಪಟ್ಟಿ ಪಕ್ಕದಲ್ಲಿಟ್ಟ ಒಂದು. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಅಸ್ತರಿನ ಚಿತ್ರ ಕೊಡಲು ಹಿಂಜರಿದರೆ ಅಲ್ಲಿಗೆ ನಿಲ್ಲಿಸಿ. ಮೊದಲ ಗ್ಲೌಸ್‌ಗೆ ದೊಡ್ಡ ಹೆಸರು ಬೇಡ. 1940ರ ದಶಕದ, ಅಚ್ಚು ಓದಲು ಬರುವ, ಲೇಸು ಮೂಲದ್ದೇ ಇರುವ ಸಾಧಾರಣ ಸ್ಟೋರ್ ಮಾಡೆಲ್ ಒಂದನ್ನು ಕೊಂಡು ಅದರ ಪ್ರತಿ ಹೊಲಿಗೆಯನ್ನೂ ಓದಿ. ಮುಂದಿನದಕ್ಕೆಲ್ಲ ಅದೇ ಅಳತೆಗೋಲು.

ಶುಚಿ ಮತ್ತು ಸಂಗ್ರಹ

ಹೆಚ್ಚು ಗ್ಲೌಸ್‌ಗಳು ಹಾಳಾಗುವುದು ಪ್ರೀತಿಯಿಂದ ಹಚ್ಚಿದ ಎಣ್ಣೆಯಿಂದ. ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಮೂಳೆಯಿಂದ ತೆಗೆದದ್ದು) ಚರ್ಮವನ್ನು ಮೆದುವಾಗಿಸುತ್ತದೆ ನಿಜ, ಜೊತೆಗೆ ಶಾಶ್ವತವಾಗಿ ಕಪ್ಪಾಗಿಸುತ್ತದೆ, ಅಚ್ಚಿನ ಬಣ್ಣವನ್ನು ಮಸುಕಾಗಿಸುತ್ತದೆ, ಒಳಗಿನ ಫೆಲ್ಟಿಗೆ ಇಳಿದು ತೂಕ ಏರಿಸುತ್ತದೆ. ಮೊದಲು ಮೆದು ಕುಂಚದಿಂದ ಒಣ ಧೂಳು ತೆಗೆಯಿರಿ. ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಅಚ್ಚುಗಳನ್ನು ತಪ್ಪಿಸಿ ಒರೆಸಿ, ಒಂದು ದಿನ ನೆರಳಲ್ಲಿ ಆರಲು ಬಿಡಿ. ಆಮೇಲೂ ಒಣಗಿ ಗಟ್ಟಿಯಾಗಿದ್ದರೆ ಮಾತ್ರ ಚರ್ಮದ ಕಂಡಿಷನರನ್ನು ಬಟಾಣಿ ಕಾಳಿನಷ್ಟು ಬಟ್ಟೆಗೆ ಹಾಕಿ ತೆಳುವಾಗಿ ಸವರಿ. 24 ಗಂಟೆ ಕಾದು, ಬೇಕೆನಿಸಿದರೆ ಇನ್ನೊಮ್ಮೆ.

ಬೆರಳಿಗೆ ಕೆಂಪು ಪುಡಿ ಅಂಟಿದರೆ ಅದು ರೆಡ್ ರಾಟ್, ಚರ್ಮದ ನಾರುಗಳೇ ಆಮ್ಲದಿಂದ ಕಳಚಿಹೋಗಿವೆ. ಎಣ್ಣೆಯಾಗಲಿ ನೀರಾಗಲಿ ಹಚ್ಚಿದರೆ ಕಪ್ಪಾಗಿ ಇನ್ನೂ ಒಡೆಯುತ್ತದೆ. ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಪುಡಿಯನ್ನು ಹಿಡಿದು ನಿಲ್ಲಿಸಬಹುದು, ಮೊದಲಿನಂತೆ ಮಾಡಲಾಗದು. ಬೆಲೆಯುಳ್ಳದ್ದಾದರೆ ಸಂರಕ್ಷಣಾ ತಜ್ಞರಿಗೆ ಕೊಡಿ.

ಹಿತ್ತಾಳೆಯ ಐಲೆಟ್ (ಲೇಸು ತೂರುವ ರಂಧ್ರದ ಬಳೆ), ರಿವೆಟ್, ಗುಂಡಿಗಳ ಸುತ್ತ ಹಸಿರು ಮೇಣದಂಥದ್ದು ಬೆಳೆದಿರುತ್ತದೆ. ಚರ್ಮದ ಕೊಬ್ಬು ತಾಮ್ರದೊಡನೆ ಸೇರಿ ಆಗುವ ಕಿಲುಬು ಅದು. ಮರದ ಹಲ್ಲುಕಡ್ಡಿಯಿಂದ ಕೆರೆದು ತೆಗೆಯಿರಿ, ಲೋಹದ ಪಾಲಿಶ್ ಬೇಡ, ಅದು ಚರ್ಮಕ್ಕೆ ಬಿಳಿ ಕಲೆ ಬಿಡುತ್ತದೆ. ಎಣ್ಣೆ ಹೆಚ್ಚು ಕುಡಿಸಿದಷ್ಟೂ ಕಿಲುಬು ಹೆಚ್ಚು.

ಇಡುವ ಜಾಗದ ತೇವಾಂಶ ಶೇ. 45ರಿಂದ 55 ಇರಲಿ. ಶೇ. 65 ದಾಟಿದರೆ ಬೂಸ್ಟು ಬರುತ್ತದೆ. ಅಮೆರಿಕದಿಂದ ಮಂಗಳೂರಿಗೋ ಶಿವಮೊಗ್ಗಕ್ಕೋ ತರುವವರು ಮಳೆಗಾಲವನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು: ಗಟ್ಟಿ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್, ತಿಂಗಳಿಗೊಮ್ಮೆ ತೆರೆದು ನೋಡುವ ಅಭ್ಯಾಸ. ಜೆಲ್ ಅತಿಯಾದರೆ ಚರ್ಮ ಬಿರಿಯುತ್ತದೆ, ಮುಳ್ಳು 45ಕ್ಕಿಂತ ಇಳಿದರೆ ಒಂದೆರಡು ಪೊಟ್ಟಣ ತೆಗೆದುಬಿಡಿ. ಉಣ್ಣೆಯ ಫೆಲ್ಟ್ ಮೆತ್ತೆಗೆ ನುಸಿ, ಕಾರ್ಪೆಟ್ ಹುಳು ಬರುತ್ತವೆ. ಹೊಲಿಗೆಯ ಸಂದಿನಿಂದ ಮರಳಿನಂಥ ಕಣ ಉದುರಿದರೆ ಗ್ಲೌಸನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಹಾಕಿ ಮುಚ್ಚಿ, ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಟ್ಟರೆ ನೀರಿನ ಹನಿ ಚರ್ಮದ ಮೇಲೆ ಕೂರುವುದಿಲ್ಲ.

ಪಾಕೆಟ್‌ನೊಳಗೆ ಚೆಂಡು ಇಟ್ಟು ರಬ್ಬರ್ ಬ್ಯಾಂಡ್ ಹಾಕಬೇಡಿ, ರಬ್ಬರು ಕರಗಿ ಚರ್ಮಕ್ಕೆ ಅಂಟುತ್ತದೆ. ಆಮ್ಲರಹಿತ ಟಿಶ್ಯೂ ಉಂಡೆ ಮಾಡಿ ಬೆರಳುಗಳೊಳಗೂ ಪಾಕೆಟ್‌ಗೂ ತುಂಬಿ, ಅಂಗೈ ಮೇಲ್ಮುಖವಾಗಿರುವಂತೆ ಇಡಿ. ಗುರುತಿನ ಚೀಟಿಯನ್ನು ಅಂಟಿಸದೆ ಹತ್ತಿ ದಾರದಿಂದ ಪಟ್ಟಿಗೆ ಕಟ್ಟಿ. ಅದರಲ್ಲಿ ಪೆನ್ಸಿಲ್‌ನಿಂದ ಮಾಡೆಲ್ ಸಂಖ್ಯೆ, ಯಾರಿಂದ ಯಾವಾಗ ಎಷ್ಟಕ್ಕೆ ಕೊಂಡದ್ದು, ಲೇಸು ಮೂಲದ್ದೋ ಅಲ್ಲವೋ, ನೀವು ಏನೇನು ಹಚ್ಚಿದ್ದೀರಿ ಎಂದು ಬರೆದಿಡಿ.